ಒಡನಾಡಿಯಿಲ್ಲದ ಅಕ್ಷರ

ಕೆಲವರು ಎಲ್ಲಿಗೆ ಹೊರಟರೂ ಒಂಟಿಯಾಗಿ ಹೊರಡಲಾರರು; ಜೊತೆಗೊಬ್ಬರು ಇರಲೇಬೇಕು. ಅಕ್ಷರಗಳಲ್ಲಿಯೂ ಈ ಸ್ವಭಾವ ಉಂಟು. ಇಂಗ್ಲಿಷಿನ ಕ್ಯೂ ಎಂಬ ಅಕ್ಷರವು ಯು ಎಂಬ ಗೆಳೆಯನ ಕೈಹಿಡಿಯದೆ ಹೆಜ್ಜೆಯಿಡುವುದು ಅಪರೂಪ. ರಾಣಿಯೆಂಬ ಅರ್ಥದ ‘ಕ್ವೀನ್’ ಆಗಲಿ, ಪ್ರಶ್ನೆಯೆಂಬ ಅರ್ಥದ ‘ಕ್ವೆಶ್ಚನ್’ ಆಗಲಿ, ಬರೆದು ನೋಡಿದರೆ ಈ ಜೋಡಿಯೇ ಮೊದಲು ಕಣ್ಣಿಗೆ ಬೀಳುತ್ತದೆ.

ಈ ಸ್ನೇಹದ ಬೆಲೆ ತಿಳಿಯುವುದು ‘ಸ್ಕ್ರಾಬಲ್’ ಎಂಬ ಪದಗಳ ಆಟದಲ್ಲಿ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡಿದ್ದ ಅಮೆರಿಕದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್ ಈ ಆಟವನ್ನು ಕಲ್ಪಿಸಿದನು. ವೃತ್ತಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ, ಅದಕ್ಕೆ ತಕ್ಕಂತೆ ಬಿಲ್ಲೆಗಳನ್ನೂ ಅಂಕಗಳನ್ನೂ ಗೊತ್ತುಮಾಡಿದನು. 100 ಬಿಲ್ಲೆಗಳಲ್ಲಿ ಇ ಅಕ್ಷರದವು 12 ಇದ್ದರೆ, ಕ್ಯೂ ಇರುವುದು ಒಂದೇ. ಅದಕ್ಕೆ 10 ಅಂಕ. ಯು ಬಿಲ್ಲೆಗಳು ನಾಲ್ಕೇ. ಅವು ಮುಗಿದ ಮೇಲೆ ಕ್ಯೂ ಕೈಗೆ ಬಂದವನ ಪಾಡು, ಬರಗಾಲದಲ್ಲಿ ದೊಡ್ಡ ಅತಿಥಿಯನ್ನು ಪಡೆದ ಬಡವನ ಪಾಡು. ಆಟ ಮುಗಿಯುವಾಗ ಅದು ಕೈಯಲ್ಲಿಯೇ ಉಳಿದರೆ, ಗಳಿಸಿದ ಅಂಕಗಳೂ ಕರಗುತ್ತವೆ.

ಇಂಥ ಆಪತ್ತಿಗೆ ಒದಗುವ ಪುಟ್ಟ ಪದಗಳು ಕೆಲವುಂಟು. ಅವುಗಳಲ್ಲಿ ಕ್ಯೂ ಇದೆ, ಯು ಇಲ್ಲ. ಕ್ಯೂ, ಐ ಎಂಬ ಎರಡೇ ಅಕ್ಷರಗಳ ‘ಚೀ’ ಎಂದರೆ ಚೀನೀಯರು ಹೇಳುವ ಪ್ರಾಣಶಕ್ತಿ. ಕ್ಯೂ, ಎ, ಟಿ ಸೇರಿದರೆ ಯೆಮನ್, ಇಥಿಯೋಪಿಯಾ ದೇಶಗಳ ಜನ ಅಗಿಯುವ ಒಂದು ಅಮಲಿನ ಎಲೆ. ‘ಕನಾತ್’ ಎಂದರೆ ಇರಾನಿನಲ್ಲಿ ಬೆಟ್ಟದಡಿಯ ನೀರನ್ನು ಊರಿಗೆ ಹರಿಸುವ ಸುರಂಗಕಾಲುವೆ. ಬಹಮನಿ ಅರಸರ ಕಾಲದ ಅಂತಹುದೇ ಕಾಲುವೆ ನಮ್ಮ ಬೀದರಿನಲ್ಲಿಯೂ ಉಂಟು. ಇನ್ನು ‘ಕಾದಿ’, ‘ಫಕೀರ್’ ಎಂಬ ಪದಗಳು ಇಂಗ್ಲಿಷಿನವನಿಗೆ ನಿಘಂಟಿನ ಮೂಲೆಯಲ್ಲಿ ಹುಡುಕಿದ ನಿಧಿ. ಕನ್ನಡಿಗನಿಗೆ ಅವು ಬೀದಿಯಲ್ಲಿ ಕೇಳಿದ ಖಾಜಿ, ಫಕೀರ. ಹಿತ್ತಲ ಗಿಡ ಮದ್ದಲ್ಲವೆಂಬ ಮಾತು ಇಲ್ಲಿ ಸುಳ್ಳಾಯಿತು.

ಈ ಪದಗಳು ನಿಯಮ ಮುರಿದ ತುಂಟರೆಂದು ತೋರಬಹುದು. ಹಾಗಲ್ಲ. ಅರಬ್ಬಿಯಲ್ಲಿ ಗಂಟಲಿನ ಆಳದಿಂದ ಹೊರಡುವ ಒಂದು ಕಕಾರವುಂಟು. ಸಾಮಾನ್ಯ ಕಕಾರದಿಂದ ಅದನ್ನು ಬೇರ್ಪಡಿಸಲು ವಿದ್ವಾಂಸರು ಬರಿಯ ಕ್ಯೂವನ್ನು ಆರಿಸಿಕೊಂಡರು. ಜೋಡಿಯ ಕಟ್ಟಳೆಯಾದರೋ ಲ್ಯಾಟಿನ್ ಭಾಷೆಯದು. ಹಳೆಯ ಇಂಗ್ಲಿಷರು ‘ಕ್ವೀನ್’ ಪದವನ್ನು ಕ್ಯೂ ಇಲ್ಲದೆಯೇ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅವರ ಲಿಪಿಕಾರರು ಈ ಜೋಡಿಯನ್ನು ರೂಢಿಗೆ ತಂದರು. ಕ್ಯೂ ಅಕ್ಷರದ ಮೂಲವನ್ನು ಹುಡುಕಿದರೆ ಪ್ರಾಚೀನ ಫಿನೀಷಿಯರ ‘ಖೋಫ್’ ಸಿಗುತ್ತದೆ. ಅಲ್ಲಿ ಅದು ಒಂಟಿಯಾಗಿಯೇ ಬಾಳಿತ್ತು. ಒಡನಾಡಿಯಿಲ್ಲದೆ ಬರುವಾಗ ಈ ಅಕ್ಷರ ತವರಿನ ನಡೆಯನ್ನೇ ನೆನೆಯುತ್ತದೆ.

2015ರಲ್ಲಿ ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಎಂಬ ಆಟಗಾರ, ಫ್ರೆಂಚ್ ಮಾತನಾಡಲು ಬಾರದಿದ್ದರೂ ಫ್ರೆಂಚ್ ಪದಪಟ್ಟಿಯನ್ನು ಕಂಠಪಾಠ ಮಾಡಿ ಆ ಭಾಷೆಯ ಸ್ಕ್ರಾಬಲ್ ಪಂದ್ಯದಲ್ಲಿ ಗೆದ್ದನು. ಅಂಥ ಜ್ಞಾಪಕಶಕ್ತಿಗೆ ತಲೆದೂಗದವರಾರು? ಆಟ ಗೆಲ್ಲಲು ಅಕ್ಷರಗಳ ಸಾಲೊಂದೇ ಸಾಕು, ನಿಜ. ಆದರೆ ಪದಗಳು ಬಿಲ್ಲೆಗಳಲ್ಲಿ ಹುಟ್ಟಿದವಲ್ಲ. ಯಾರದೋ ಬಾಯಲ್ಲಿ, ಯಾರದೋ ಅಗತ್ಯದಲ್ಲಿ ಹುಟ್ಟಿದವು. ‘ಕನಾತ್’ ಎಂಬುದು ಆಟಗಾರನಿಗೆ 14 ಅಂಕ; ಮರುಭೂಮಿಯಂಚಿನ ರೈತನಿಗೆ ಅದು ಬೊಗಸೆ ತುಂಬ ನೀರು. ಅಂಕ ಗಳಿಸಿದ ಮೇಲೆ ನಿಘಂಟನ್ನು ಮತ್ತೊಮ್ಮೆ ತೆರೆಯುವವನಿಗೆ ಎರಡೂ ದೊರೆಯುತ್ತವೆ.