ಬೂದಿ, ವಿಭೂತಿ

ಪದವಿಯಲ್ಲಿ ಇತಿಹಾಸದ ಜೊತೆ ಕ್ಯಾಥೊಲಿಕ್ ಸಂಸ್ಕೃತಿ ಮತ್ತು ಚಿಂತನೆಯನ್ನು ಮೈನರ್ ಆಗಿ ತೆಗೆದುಕೊಂಡೆ. ಸುದ್ದಿ ಕೇಳಿ ನಂದಗುಡಿಯಲ್ಲಿ ಅಜ್ಜಿ ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟಳು. 'ಅವ್ರ ಮತಕ್ಕೆ ಸೇರ್ಕೊಂಡ್ಬಿಟ್ಯಾ?'

'ಇಲ್ಲ ಕಣಜ್ಜಿ, ಬರೀ ಓದೋಕೆ.'

ಮೊದಲ ವರ್ಷವೇ ಬೂದಿ ಬುಧವಾರದ ಬಗ್ಗೆ ಬರೆಯಬೇಕಾಯಿತು. ಹಿಂದಿನ ವರ್ಷದ ಗರಿಗಳ ಭಾನುವಾರದಂದು ಮಂತ್ರಿಸಿದ ಗರಿಗಳನ್ನು ಸುಟ್ಟು, ಆ ಬೂದಿಯನ್ನು ಹಣೆಗಿಡುತ್ತಾರೆ. ಪಾಸ್ಕ ಹಬ್ಬದ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಅಲ್ಲಿಂದ ಶುರು. 'ಇದು ನಮ್ಮ ವಿಭೂತಿಯ ಹಾಗೆಯೇ' ಎಂದು ಬರೆದೆ. ಮೇಷ್ಟ್ರು ಪಕ್ಕದಲ್ಲಿ ಕೇಳಿದ್ದರು: 'ಹಾಗೆಯೇ ಎಂದರೆ ಎಷ್ಟರಮಟ್ಟಿಗೆ?'

ಆ ಪ್ರಶ್ನೆ ಪಿಎಚ್.ಡಿ.ವರೆಗೂ ಬೆನ್ನುಬಿಡಲಿಲ್ಲ. ಈಗ ಓದುತ್ತಿರುವುದು ಫ್ರೆಂಚ್ ಪಾದ್ರಿ ಅಬ್ಬೆ ಡುಬಾಯ್‌ನನ್ನು. 1799ರಲ್ಲಿ ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಗೆ ಬಂದವನು. ನಮ್ಮವರಂತೆ ಉಟ್ಟ, ಮಾಂಸ ಬಿಟ್ಟ, ಸಿಡುಬಿನ ಲಸಿಕೆ ಹಾಕಿಸಿದ. ನಮ್ಮ ಆಚಾರಗಳ ಬಗ್ಗೆ ಅವನು ಬರೆದದ್ದು 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅಷ್ಟು ಹತ್ತಿರ ಬದುಕಿದವನ ಪುಟಗಳಲ್ಲೂ ನಮ್ಮ ಮೇಲಿನ ತಾತ್ಸಾರ ಇಣುಕುತ್ತದೆ. ಓದುವಾಗ ಸಿಟ್ಟು ಬರುತ್ತದೆ. ಆದರೆ ಕ್ಯಾಥೊಲಿಕರ ಬಗ್ಗೆ ಮೂರು ವರ್ಷ ಓದಿ ಎಲ್ಲ ತಿಳಿಯಿತು ಎಂದುಕೊಂಡ ನಾನೇನು ಕಮ್ಮಿ?

ಮೊನ್ನೆ ಊರಿಗೆ ಹೋದಾಗ ಅಜ್ಜಿ ಕೇಳಿದಳು: 'ಅವ್ರೂ ಬೂದಿ ಇಟ್ಕೊಂತಾರಂತಲ್ಲ, ಯಾಕೆ?'

ಹೇಳಲು ಹೊರಟವನು ತಡೆದು, 'ನೀನ್ಯಾಕೆ ಇಟ್ಕೊಳ್ಳೋದು?' ಎಂದೆ. ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

'ನಿಮ್ ತಾತ ಹೋದ್ಮೇಲೆ ಕುಂಕುಮ ಇಡಂಗಿಲ್ವಲ್ಲ ಮಗ. ಹಣೆ ಬರಿದಾಗಿರಬಾರ್ದು ಅಂತ.'

'ನಮ್ಮ ವಿಭೂತಿ' ಎಂದು ಬರೆದಾಗ ನನಗೆ ಇದೂ ಗೊತ್ತಿರಲಿಲ್ಲ.