ಗುಬ್ಬಿಯ ಕಂಪನಿ, ಕುಣಿಗಲ್ಲಿನ ಕುದುರೆ

ರಜೆಗೆ ಬಂದ ಮೊಮ್ಮಕ್ಕಳಿಗೆ ತುಮಕೂರು ತೋರಿಸುವುದೆಂದರೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ, ಆಮೇಲೆ ಸಿದ್ಧಗಂಗೆ. ಮಠದಲ್ಲಿ ಸಾವಿರಾರು ಮಕ್ಕಳು ಸಾಲಾಗಿ ಕೂತು ಉಣ್ಣುವುದನ್ನು ನೋಡಿ ಮೊಮ್ಮಗಳು ಕೇಳಿದಳು: "ತಾತ, ಅಪ್ಪ ಅಮ್ಮನ ಜೊತೆ ಇರೋಕಾಗದ ಮಕ್ಕಳೆಲ್ಲ ಹಾಸ್ಟೆಲಿಗೇ ಹೋಗಬೇಕಾ?" ಉತ್ತರ ಹೇಳಲು ಗುಬ್ಬಿಯ ಬಸ್ಸು ಹತ್ತಿಸಿದೆ.

ಗುಬ್ಬಿ ಸುಮಾರು 20 ಕಿಲೋಮೀಟರ್. 1884ರಲ್ಲಿ ಶುರುವಾದ ಇಲ್ಲಿನ ನಾಟಕ ಕಂಪನಿಗೆ ಊರ ದೇವರು ಚನ್ನಬಸವೇಶ್ವರನದೇ ಹೆಸರು. ಬಾಲನಟನಾಗಿ ಸೇರಿದ ವೀರಣ್ಣನವರು ಮುಂದೆ ಅದರ ಒಡೆಯರಾದರು. ದಕ್ಷಿಣ ಕನ್ನಡದ ಹುಡುಗ ಬಿ.ವಿ. ಕಾರಂತ ಮನೆಬಿಟ್ಟು ಬಂದು ಸೇರಿದ್ದೂ ಈ ಕಂಪನಿಯನ್ನೇ. (ಮಕ್ಕಳೇ, ಓಡಿಬಂದದ್ದನ್ನು ಮಾತ್ರ ಕಲಿಯಬೇಡಿ!) ಅನ್ನ, ಪಾತ್ರ ಕೊಟ್ಟು ಸುಮ್ಮನಿರಬಹುದಿತ್ತು. ವೀರಣ್ಣನವರು ಆತನನ್ನು ಓದಲು ಕಾಶಿಗೆ ಕಳಿಸಿದರು. ಮೈಸೂರಿನ ರಂಗಾಯಣ ಕಟ್ಟಿದವರು ಅದೇ ಕಾರಂತರು.

ಬೇರೆ ಮನೆಯ ಮಗುವನ್ನು ಬೆಳೆಸಲು ಈಗ ಕಾನೂನೇ ಇದೆ. 2015ರ ಬಾಲನ್ಯಾಯ ಕಾಯ್ದೆಯಂತೆ ಮಕ್ಕಳ ಕಲ್ಯಾಣ ಸಮಿತಿ ಮಗುವನ್ನು ಇನ್ನೊಂದು ಕುಟುಂಬಕ್ಕೆ ಒಪ್ಪಿಸಬಹುದು. ಇದು ದತ್ತು ಅಲ್ಲ. ಸಮಿತಿ ಬೇಡವೆನ್ನದಿದ್ದರೆ ಹೆತ್ತವರು ಬಂದು ನೋಡಬಹುದು. ಅವರ ಮನೆ ಸರಿಹೋದರೆ ಮಗು ಹಿಂತಿರುಗಬಹುದು. ಅಣ್ಣತಂಗಿಯರನ್ನು ಆದಷ್ಟೂ ಅಗಲಿಸಬಾರದು. ತಿಂಗಳಿಗೊಮ್ಮೆ ತಪಾಸಣೆ. ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4,000 ರೂಪಾಯಿ ನೆರವೂ ಉಂಟು. ಬ್ಯಾಂಕಿನಲ್ಲಿದ್ದ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಆ ಮೊತ್ತವೇ. ಆದರೆ ಮಗು ಒಗ್ಗುವುದು ದುಡ್ಡಿನಿಂದಲ್ಲ. ಬಂದ ದಿನವೇ "ನಮ್ಮನ್ನು ಅಪ್ಪ ಅಮ್ಮ ಅನ್ನು" ಎಂದು ಬಲವಂತ ಮಾಡಬಾರದು. ಅದರ ಅಮ್ಮನ ಫೋಟೊ ಗೋಡೆಯ ಮೇಲಿರಲಿ, ಅವಳ ಬಗ್ಗೆ ಕೆಟ್ಟ ಮಾತು ಬೇಡ. ಇದರಲ್ಲಿ ಅಜ್ಜಿ ತಾತಂದಿರ ಕೆಲಸವೇ ಹೆಚ್ಚು; ನಮಗೆ ಆತುರವಿಲ್ಲವಲ್ಲ! ಶಾಲೆಯಲ್ಲಿ ಅಂಥ ಮಗು ಪಕ್ಕದಲ್ಲಿ ಕೂತರೆ "ನಿನ್ನ ನಿಜವಾದ ಅಮ್ಮ ಎಲ್ಲಿ?" ಎಂದು ಕೇಳದಿರುವುದು ಮಕ್ಕಳ ಕೆಲಸ.

ಮಾರನೇ ದಿನ ಕುಣಿಗಲ್ಲಿಗೆ ಹೋದೆವು. ಟಿಪ್ಪು ಕಾಲದಿಂದ ಹೆಸರಾದ ಕುದುರೆ ಫಾರಂ ಅಲ್ಲಿದೆ. ಕುದುರೆ ಸಾಕುವವರಲ್ಲಿ ಒಂದು ಪದ್ಧತಿ: ತಾಯಿ ಸತ್ತ ಮರಿಯನ್ನು, ಮರಿ ಕಳೆದುಕೊಂಡ ಇನ್ನೊಂದು ಕುದುರೆಯ ಹಾಲಿಗೆ ಬಿಡುತ್ತಾರೆ. ಕುದುರೆ ತನ್ನ ಮರಿಯನ್ನು ಗುರುತಿಸುವುದು ವಾಸನೆಯಿಂದ. ಮೊದಮೊದಲು ಒದೆಯುತ್ತದೆ, ಕಚ್ಚಲೂ ಬರುತ್ತದೆ. ವಾಸನೆ ಒಗ್ಗುವವರೆಗೂ ಆಳು ಪಕ್ಕದಲ್ಲೇ ಕಾಯುತ್ತಾನೆ.

"ಎಷ್ಟು ದಿನ ಕಾಯ್ತಾನೆ ತಾತ?"

"ಅದು ಕುದುರೆಗೆ ಬಿಟ್ಟದ್ದು ಪುಟ್ಟಿ" ಎಂದೆ. ಕೆರೆ ಏರಿಯ ಮೇಲೆ ಕೂತು ಕಡಲೆಕಾಯಿ ಮುಗಿಸಿ ಬಸ್ ನಿಲ್ದಾಣಕ್ಕೆ ನಡೆದೆವು.