ಕುಲುಮೆಯ ಸುತ್ತ ಒಂದು ಊರು

ಜೆಮ್‌ಶೆಡ್‌ಪುರಕ್ಕೆ ಟಿಕೆಟ್ ತೆಗೆಸಲು ಕೂತವನಿಗೆ ಅರ್ಧ ಗಂಟೆ ಆ ಹೆಸರಿನ ಸ್ಟೇಷನ್ನೇ ಸಿಗಲಿಲ್ಲ. ಇದ್ದರೆ ತಾನೆ ಸಿಗೋದು! ಅದಕ್ಕೆ ರೈಲ್ವೆಯವರು ಇಟ್ಟಿರುವ ಹೆಸರು ಟಾಟಾನಗರ, ಸಂಕೇತಾಕ್ಷರ 'ಟಾಟಾ'. ಬೋಗಿಯಲ್ಲಿ ಎದುರು ಕೂತ ಹುಡುಗ ಕೇಳುತ್ತಾನೆ: "ಭಯ್ಯಾ, ಟಾಟಾಕ್ಕೆ ಹೋಗ್ತಿದ್ದೀರಾ?" ನಮ್ಮಲ್ಲಿ ಮಕ್ಕಳು ಕೈಬೀಸಿ ಹೇಳುವ ಮಾತನ್ನು ಇಲ್ಲಿ ಊರಿನ ಹೆಸರಾಗಿ ಕೇಳಿ ನಗು ತಡೆಯಲಾಗಲಿಲ್ಲ. ನಾನು ಭದ್ರಾವತಿಯವನು. ಫ್ಯಾಕ್ಟರಿ ಸೈರನ್ನಿಗೆ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದ ಮನೆಯಲ್ಲಿ ಬೆಳೆದವನಿಗೆ ಉಕ್ಕಿನ ದೊಡ್ಡಣ್ಣನನ್ನು ಒಮ್ಮೆ ನೋಡಬೇಕೆಂಬ ಆಸೆ ಹಳೆಯದು.

ರೈಲು ಮೂರು ಗಂಟೆ ತಡ. ಸ್ಟೇಷನ್ನಿನ ಹೊರಗೆ ಕೆಸರು, ಕೂಗಾಟ, ಆರು ಜನರನ್ನು ತುಂಬಿಕೊಂಡ ಆಟೋ. ನನಗೆ ಸಿಕ್ಕಿದ್ದು ಡ್ರೈವರಿನ ಪಕ್ಕದ ಅರ್ಧ ಸೀಟು, ಅದರಲ್ಲೂ ಕಾಲು ಭಾಗ ಅವನ ಮೊಣಕೈಯದು. ಆದರೂ ಕಣ್ಣು ಕೀಳಲಾಗುತ್ತಿಲ್ಲ. ಒಂದೇ ಸಮ ಗೋಡೆ, ಗೋಡೆಯ ಹಿಂದೆ ಚಿಮಣಿ, ಕೊಳವೆ, ಊದುಕುಲುಮೆಯ ತಲೆ. ಮುಗಿಯಿತು ಅಂದುಕೊಂಡರೆ ಮತ್ತೆ ಗೋಡೆ. ನಮ್ಮ ಊರುಗಳ ನಡುಮಧ್ಯೆ ಕೋಟೆಯೋ ತೇರುಬೀದಿಯೋ ಇರುತ್ತದೆ. ಇಲ್ಲಿ ಕಾರ್ಖಾನೆ ಇದೆ. ಬರ್ಮಾಮೈನ್ಸ್‌ನಿಂದ ಸಾಕ್ಚಿಗೆ ಹೋಗುವವರು ದೇವರಿಗೆ ಪ್ರದಕ್ಷಿಣೆ ಹಾಕಿದಂತೆ ಅದನ್ನು ಸುತ್ತಿಯೇ ಹೋಗಬೇಕು.

ಸಾಕ್ಚಿ ಗೋಲ್‌ಚಕ್ಕರ್ ಬಳಿ ಚಹಾ ಅಂಗಡಿ. ಕಾಫಿ ಕೇಳಿ ತಪ್ಪು ಮಾಡಿದೆ. ಬಂದದ್ದು ಬಿಸಿ ನೊರೆ, ಮೇಲೊಂದಿಷ್ಟು ಕಂದು ಪುಡಿ. ನನ್ನ ಮುಖ ನೋಡಿ ಪಕ್ಕದ ಬೆಂಚಿನ ಹಿರಿಯರೊಬ್ಬರು ನಕ್ಕರು. ರೋಲಿಂಗ್ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು. "ಚಾಚಾ, ಈ ಕಾಡಿನಲ್ಲಿ ಯಾಕೆ ಕಾರ್ಖಾನೆ ಕಟ್ಟಿದರು?" ಅಂದೆ. ಅವರು ಉತ್ತರವನ್ನು ಮೇಜಿನ ಮೇಲೆ ಜೋಡಿಸುತ್ತಾರೆ. ನನ್ನ ಕಾಫಿ ಲೋಟ ಉತ್ತರಕ್ಕೆ: ಅದು ಝರಿಯಾ, ಕಲ್ಲಿದ್ದಲು. ಬೆಂಕಿಪೊಟ್ಟಣ ದಕ್ಷಿಣಕ್ಕೆ: ಮಯೂರ್‌ಭಂಜಿನ ಗೋರುಮಹಿಸಾನಿ ಗುಡ್ಡ, ಅದಿರು. ಚೆಲ್ಲಿದ ಚಹಾದಲ್ಲಿ ಬೆರಳದ್ದಿ ಎರಡು ಗೆರೆ: ಸುವರ್ಣರೇಖಾ, ಖರ್ಕಾಯಿ. ಒಂದು ಚಮಚ ಅಡ್ಡಲಾಗಿ: ಬಂಗಾಳ–ನಾಗಪುರ ರೈಲು, ಅದರ ತುದಿಗೆ ಕಲ್ಕತ್ತ. ಎಲ್ಲದರ ನಡುವೆ ಒಂದು ಬಿಸ್ಕತ್ತು. "ಇದೇ ಸಾಕ್ಚಿ." ಪಾಠ ಮುಗಿದ ಮೇಲೆ ಸಾಕ್ಚಿಯನ್ನು ಚಹಾಕ್ಕೆ ಅದ್ದಿ ತಿಂದುಬಿಟ್ಟರು.

ಜರ್ಮನಿಯ ಆಲ್ಫ್ರೆಡ್ ವೆಬರ್ 1909ರಲ್ಲಿ ಇಡೀ ಪುಸ್ತಕ ಬರೆದು ಹೇಳಿದ್ದರ ಸಾರವೂ ಬಹುಮಟ್ಟಿಗೆ ಇದೇ. ಅದಿರೂ ಕಲ್ಲಿದ್ದಲೂ ಕುಲುಮೆಯಲ್ಲಿ ತೂಕ ಕಳೆದುಕೊಳ್ಳುವ ಸರಕು. ಟನ್ ಕಬ್ಬಿಣಕ್ಕೆ ಸುಮಾರು ಒಂದೂವರೆ ಟನ್ ಅದಿರು ಬೇಕು. ಬೂದಿಯಾಗಿ, ಹೊಗೆಯಾಗಿ ಹೋಗುವುದನ್ನು ದೂರ ಹೊತ್ತು ತಂದು ಬಾಡಿಗೆ ಯಾಕೆ ಕಟ್ಟಬೇಕು? ಗೋರುಮಹಿಸಾನಿಯ ಅದಿರಿನ ಸುದ್ದಿಯನ್ನು ಭೂವಿಜ್ಞಾನಿ ಪಿ.ಎನ್. ಬೋಸ್ 1904ರಲ್ಲಿ ಟಾಟಾರಿಗೆ ಬರೆದು ತಿಳಿಸಿದರು. ಕಂಪನಿ ಶುರುವಾದದ್ದು 1907ರಲ್ಲಿ, ಮೊದಲ ಉಕ್ಕು ಬಂದದ್ದು 1912ರಲ್ಲಿ. ಆಗ ಇಲ್ಲಿದ್ದ ಸ್ಟೇಷನ್ನು ಕಾಳಿಮಾಟಿ, ಅಂದರೆ ಕರಿಮಣ್ಣು. 1919ರಲ್ಲಿ ವೈಸ್‌ರಾಯ್ ಚೆಲ್ಮ್ಸ್‌ಫರ್ಡ್ ಬಂದು ಊರಿಗೆ ಸಂಸ್ಥಾಪಕ ಜೆಮ್‌ಶೆಟ್‌ಜಿ ಟಾಟಾರ ಹೆಸರಿಟ್ಟ ಮೇಲೆ ಕರಿಮಣ್ಣು ಒಂದು ರಸ್ತೆಯ ಹೆಸರಾಗಿ ಉಳಿದಿದೆ. ಸಾಕ್ಚಿ, ಬೆಲ್ಡಿಹ್, ಜುಗ್‌ಸಲಾಯಿ ಹಳ್ಳಿಗಳ ಹೆಸರೂ ಉಳಿದಿವೆ, ಹಳ್ಳಿಗಳಿಲ್ಲ.

ನಮ್ಮ ಭದ್ರಾವತಿಯ ಲೆಕ್ಕ ಬೇರೆ. ಮೈಸೂರು ಸಂಸ್ಥಾನದಲ್ಲಿ ಅದಿರಿತ್ತು, ಹೊಳೆಯಿತ್ತು. ಕಲ್ಲಿದ್ದಲು ಮಾತ್ರ ಇರಲಿಲ್ಲ. ಹಾಗಾಗಿ 1923ರಲ್ಲಿ ಹೊತ್ತಿದ ಕುಲುಮೆಗೆ ಮಲೆನಾಡಿನ ಕಾಡನ್ನೇ ಇದ್ದಿಲು ಮಾಡಿ ಸುರಿದರು. ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇಯಲ್ಲಿ ಇಳಿದು ಬರುತ್ತಿತ್ತು. ಸಾಕ್ಚಿ ಹುಟ್ಟಿದ್ದು ಕಲ್ಲಿದ್ದಲಿಗೆ ಹತ್ತಿರವೆಂದು, ನಮ್ಮೂರು ಸೌದೆಗೆ ಹತ್ತಿರವೆಂದು. ಇವರ ಊರು ಎಷ್ಟು ಬೆಳೆಯಿತು, ನಮ್ಮದು ಎಲ್ಲಿ ನಿಂತಿತು ಅನ್ನುವುದರ ಅರ್ಧ ಕಥೆ ಅಲ್ಲೇ ಇದೆ ಅನ್ನಿಸುತ್ತದೆ. ಭದ್ರಾವತಿಯ ಹೊಣೆ ಹೊತ್ತ ವಿಶ್ವೇಶ್ವರಯ್ಯನವರು 1927ರಿಂದ ಬಹುಕಾಲ ಟಾಟಾ ಉಕ್ಕಿನ ಕಂಪನಿಯ ನಿರ್ದೇಶಕರೂ ಆಗಿದ್ದರು ಎಂದಾಗ ಚಾಚಾ ಇನ್ನೊಂದು ಚಹಾ ಹೇಳಿದರು.

ಮಧ್ಯಾಹ್ನ ಬಿಷ್ಟುಪುರದಲ್ಲಿ ನಡೆಯುತ್ತಿದ್ದೇನೆ. ಅಗಲ ಬೀದಿ, ಎರಡೂ ಕಡೆ ಮರದ ನೆರಳು. ಅಗಲ ಬೀದಿ, ನೆರಳಿನ ಮರ, ಆಟದ ಬಯಲು, ಗುಡಿ–ಮಸೀದಿ–ಚರ್ಚುಗಳಿಗೆ ಜಾಗ ಬಿಡು ಎಂದು ಜೆಮ್‌ಶೆಟ್‌ಜಿ 1902ರಲ್ಲೇ ಮಗ ದೊರಾಬ್‌ಜಿಗೆ ಬರೆದಿದ್ದರು, ಊರಿನ ಜಾಗವೇ ಗೊತ್ತಾಗುವ ಮೊದಲು! ಬೀದಿಗಳಿಗೆ ಕೆ ರೋಡ್, ಎನ್ ರೋಡ್ ಎಂಬ ಅಕ್ಷರಗಳೇ ಹೆಸರು. ಅಕ್ಷರ ಬದಲಾದಂತೆ ಮನೆಗಳೂ ಬದಲಾಗುತ್ತವೆ. ಇಲ್ಲೊಂದು ಬಂಗಲೆ, ಮುಂದೆ ಮಾವಿನ ತೋಪು. ಸ್ವಲ್ಪ ಆಚೆ ಜೋಡಿಮನೆ, ತುಳಸಿಕಟ್ಟೆಯಷ್ಟು ಅಂಗಳ. ಇನ್ನೂ ಆಚೆ ಸಾಲುಮನೆ, ಕಿಟಕಿಯ ಸರಳಿಗೆ ಕಟ್ಟಿದ ಹಗ್ಗದಲ್ಲಿ ನೀಲಿ ಸಮವಸ್ತ್ರ ಒಣಗುತ್ತಿದೆ. ಕಂಪನಿಯಲ್ಲಿ ಯಾರ ಹುದ್ದೆ ಏನೆಂದು ಕಾಂಪೌಂಡು ನೋಡಿಯೇ ಹೇಳಬಹುದು. ಭದ್ರಾವತಿಯ ನ್ಯೂಟೌನಿನಲ್ಲೂ ಕ್ವಾರ್ಟರ್ಸ್ ನೋಡಿಯೇ ನಾವು ಹುಡುಗರು ಅಪ್ಪಂದಿರ ಗ್ರೇಡ್ ಹೇಳುತ್ತಿದ್ದೆವು.

ಊರಿನ ನಕ್ಷೆಯನ್ನು ಒಬ್ಬರಾದ ಮೇಲೆ ಒಬ್ಬರು ತಿದ್ದಿದ್ದಾರೆ. 1940ರ ದಶಕದಲ್ಲಿ ತಿದ್ದಿದ ಒಟ್ಟೊ ಕೋನಿಗ್ಸ್‌ಬರ್ಗರ್, ಹಿಟ್ಲರನ ಜರ್ಮನಿ ಬಿಟ್ಟು ಬಂದು ಮೈಸೂರು ಸರ್ಕಾರದ ಮುಖ್ಯ ವಾಸ್ತುಶಿಲ್ಪಿಯಾಗಿದ್ದವರು. ಬಡಾವಣೆಗಳ ಹೆಸರು ಕೇಳಿದರೆ ಕಾರ್ಖಾನೆಗಳ ಹಾಜರಿ ಕೂಗಿದ ಹಾಗೆ: ಟಿನ್‌ಪ್ಲೇಟ್, ಕೇಬಲ್ ಟೌನ್, ಟೆಲ್ಕೋ, ಆಗ್ರಿಕೋ. ಉಕ್ಕು ಇದ್ದಲ್ಲಿಗೆ ಉಕ್ಕು ತಿನ್ನುವ ಕಾರ್ಖಾನೆಗಳು ಬಂದವು, ಅವುಗಳ ಬೆನ್ನಿಗೆ ಬೀದಿಗಳು. ಬೆಂಗಳೂರಿನವರು ನಗಬೇಕಿಲ್ಲ, ಬಸವನಗುಡಿಯ ಬಳಿ ಟಾಟಾ ಸಿಲ್ಕ್ ಫಾರ್ಮ್ ಇಂದಿಗೂ ವಿಳಾಸವೇ.

ಉಳಿದುಕೊಂಡ ಮನೆಯಲ್ಲಿ ನಲ್ಲಿ ನೀರನ್ನೇ ಲೋಟಕ್ಕೆ ಹಿಡಿದು ಕೊಟ್ಟರು. ಕುದಿಸದ ನೀರು ಮುಟ್ಟದ ನಾನು ಮನೆದೇವರನ್ನು ನೆನೆದು ಕುಡಿದೆ. ಏನೂ ಆಗಲಿಲ್ಲ. ಈ ಊರಿಗೆ ನೀರು, ದೀಪ, ಕಸ ಎಲ್ಲ ನೋಡಿಕೊಳ್ಳುವುದು ಕಂಪನಿಯ ಅಂಗಸಂಸ್ಥೆ. ಆದರೆ ಸಂಜೆ ಸುವರ್ಣರೇಖೆಯ ಸೇತುವೆ ದಾಟಿ ಮಾನಗೋಗೆ ಹೋದರೆ ಇನ್ನೊಂದೇ ಲೋಕ. ಮನೆಯ ಮೇಲೆ ಮನೆ, ತಂತಿಯ ಜೊಂಪೆ, ಸಂದಿಯಲ್ಲೊಂದು ಬಣ್ಣಬಣ್ಣದ ಕೊಡಗಳ ಸಾಲು. ಕಂಪನಿಯ ಗುತ್ತಿಗೆ ನೆಲದಲ್ಲಿ ಮನೆ ಸಿಗದವರು ಹೊಳೆಯಾಚೆ ತಾವೇ ಊರು ಕಟ್ಟಿಕೊಂಡಿದ್ದಾರೆ. ಖರ್ಕಾಯಿಯ ಆಚೆ ಆದಿತ್ಯಪುರದಲ್ಲಿ ಲಾರಿಯ ಬಿಡಿಭಾಗ ಮಾಡುವ ಸಣ್ಣ ಶೆಡ್ಡುಗಳ ಸಾಲು. ಯೋಜನೆ ಹಾಕಿದ ಊರನ್ನು ಯೋಜನೆಯಿಲ್ಲದ ಊರು ಸುತ್ತಿಕೊಂಡಿದೆ, ಒಂದಿಲ್ಲದೆ ಇನ್ನೊಂದು ನಡೆಯುವುದಿಲ್ಲ. ನಲ್ಲಿ ನೀರನ್ನು ಮೆಚ್ಚಿದ ನನಗೆ ಆ ಕೊಡಗಳನ್ನು ಕಂಡು ನಾಲಿಗೆ ಕಚ್ಚಿಕೊಳ್ಳಬೇಕಾಯಿತು.

ಜುಬಿಲಿ ಪಾರ್ಕನ್ನು ನೋಡಲೇಬೇಕೆಂದು ಎಲ್ಲರೂ ಹೇಳಿದರು. ನೋಡಿದೆ. ಕಾರಂಜಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೀರು, ದೀಪ. ಎಲ್ಲೋ ಕಂಡಂತಿದೆಯಲ್ಲ? 1958ರಲ್ಲಿ ತೆರೆದ ಈ ತೋಟಕ್ಕೆ ಮಾದರಿ ನಮ್ಮ ಬೃಂದಾವನವಂತೆ! ಒಂದೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಬಂದು ನೋಡಿದ್ದು ಕೆ.ಆರ್.ಎಸ್. ತೋಟವನ್ನೇ.

ಕೊನೆಯ ದಿನ ದೋಮುಹಾನಿಯಲ್ಲಿದ್ದೇನೆ. ಎರಡು ಹೊಳೆ ಕೂಡುವ ಜಾಗ, ನಮ್ಮ ಕೂಡಲಿಯ ಹಾಗೆ. ಚಾಚಾ ಚಹಾದಲ್ಲಿ ಎಳೆದ ಎರಡು ಗೆರೆ ಇಲ್ಲಿ ಬಂಡೆಗಳ ನಡುವೆ ಬೆರೆಯುತ್ತಿವೆ. ಗುಡಿಯಿಲ್ಲದ ಸಂಗಮವೇ ಎಂದು ಹುಡುಕಿದರೆ, ಬಂಡೆಯ ಮೇಲೆ ಅರಿಶಿನ ಕುಂಕುಮ ಹಚ್ಚಿ ಯಾರೋ ಹೋಗಿದ್ದಾರೆ. ನೀವು ಹೋಗುವುದಾದರೆ ಮಳೆಗಾಲ ಕಳೆಯಲಿ, ಮಾನಗೋ ಸೇತುವೆ ದಾಟಲೆಂದೇ ಒಂದು ಗಂಟೆ ಕೈಯಲ್ಲಿಟ್ಟುಕೊಳ್ಳಿ, ಕಾಫಿ ಪುಡಿ ಮನೆಯಿಂದಲೇ ಕಟ್ಟಿಕೊಂಡು ಹೋಗಿ.